ಒಳಗಿನ ಚಿಲಕ

ನಾನು ಬಿದ್ದದ್ದು ಒಂದು ಮಂಗಳವಾರ, ಬೆಳಗಿನ ಹನ್ನೊಂದರ ಸುಮಾರಿಗೆ. ಆ ದಿನದ್ದನ್ನು ಹೇಳುವ ಮೊದಲು, ಆ ಹೊತ್ತಿಗೆ ನನ್ನ ಮನೆಯಲ್ಲಿ ಯಾವ ಯಾವ ಯಂತ್ರಗಳು ಬಂದು ಕೂತಿದ್ದವು, ಅವುಗಳ ಜೊತೆ ನಾನು ಎಷ್ಟು ಜಗಳವಾಡಿದ್ದೆ ಎನ್ನುವುದನ್ನು ಹೇಳಬೇಕು.

ಮುಂಬಯಿಯ ಚೆಂಬೂರಿನ ಹಳೆಯ ಕಾಲನಿಯೊಂದರಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ನನ್ನ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ಬಟ್ಟೆ ಒಣಗಿಸುವಷ್ಟು ಜಾಗದ ಗ್ರಿಲ್ಲು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಕೆಲಸ ಸಿಕ್ಕಿತೆಂದು ಧಾರವಾಡದಿಂದ ಬಂದವಳು ನಾನು. ಮೊದಲು ದೂರದ ಸಂಬಂಧಿಗಳ ಮನೆ, ಆಮೇಲೆ ಹೆಂಗಸರ ಹಾಸ್ಟೆಲ್ಲು, ಕೊನೆಗೆ ಈ ಮನೆ. ಮದುವೆ ಆಗಲಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಒಂದೆರಡು ಸಂಬಂಧ ಬಂದವು, ತಪ್ಪಿದವು. ನಡುವೆ ಅಪ್ಪನ ಕಾಯಿಲೆ, ತಮ್ಮನ ಓದು. ನೋಡುನೋಡುತ್ತ ಕೇಳುವವರೂ ಕೇಳುವುದನ್ನು ಬಿಟ್ಟರು. ಈ ಮನೆಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಬಾಗಿಲಿನ ಒಳಬದಿಗೆ, ಮೇಲಿನ ತುದಿಯಲ್ಲಿ, ಗೇಣುದ್ದದ ಹಿತ್ತಾಳೆಯ ಚಿಲಕವೊಂದನ್ನು ಹಾಕಿಸಿದ್ದು. ಒಂಟಿಯಾಗಿರುವ ಹೆಂಗಸಿನ ಬಾಗಿಲನ್ನು ಎಷ್ಟು ಜನ ಎಷ್ಟು ನೆಪದಲ್ಲಿ ತಟ್ಟುತ್ತಾರೆ ಎನ್ನುವುದು ಹಾಗೆ ಇದ್ದವರಿಗೇ ಗೊತ್ತು. ಕೆಲಸದಿಂದ ಬಂದು, ಆ ಚಿಲಕ ಸರಿಸಿ, ಅದು ತನ್ನ ತೂತಿನೊಳಗೆ ಕೂತ ಸದ್ದು ಕೇಳಿದ ಮೇಲೆಯೇ ನನಗೆ ಉಸಿರು ಸರಾಗವಾಗುತ್ತಿತ್ತು. ನಲವತ್ತು ವರ್ಷ ಹಾಗೇ ನಡೆಯಿತು.

ನನ್ನ ತಮ್ಮ ತೀರಿಕೊಂಡಿದ್ದಾನೆ. ಅವನ ಮಗಳು ಪವಾಯಿಯಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲಿಯದೇ ಆಫೀಸುಗಳಲ್ಲಿ ಕೆಲಸ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ ಆದ್ದರಿಂದ ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಾಳೆ. ಸೋದರತ್ತೆಯಾದ ನನ್ನನ್ನು ಇಲ್ಲಿಯ ಮರಾಠಿ ಮಕ್ಕಳ ಹಾಗೆ 'ಆತ್ಯಾ' ಎಂದು ಕರೆಯುತ್ತಾಳೆ. ಒಮ್ಮೆ ಹಾಲು ಕಾಯಿಸಲು ಇಟ್ಟು ನಿಂತಿದ್ದಾಗ ನನಗೆ ತಲೆ ಸುತ್ತು ಬಂತು. ಎಚ್ಚರವಾದಾಗ ಅಡಿಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿ, ಮನೆಯೆಲ್ಲ ಗ್ಯಾಸಿನ ವಾಸನೆ. ಕಿಟಕಿ ತೆಗೆದೆ, ಒಲೆ ಒರೆಸಿದೆ, ಆಯಿತು. ಮಾರನೆಯ ದಿನ ಫೋನಿನಲ್ಲಿ ಇದನ್ನು ಅವಳಿಗೆ ನಗುನಗುತ್ತ ಹೇಳಿದೆ. ಅವಳು ನಗಲಿಲ್ಲ. ಆ ಭಾನುವಾರವೇ ಒಬ್ಬ ಮೆಕ್ಯಾನಿಕನನ್ನು ಕರೆದುಕೊಂಡು ಬಂದಳು.

ಅವನು ಮಧ್ಯಾಹ್ನದವರೆಗೆ ಗೋಡೆ ಕೊರೆದ. ಬಾಗಿಲಿಗೆ ನಂಬರ್ ಒತ್ತಿದರೆ ತೆರೆಯುವ ಬೀಗ ಬಂತು. ಆ ನಂಬರು ನನಗೆ, ತಮ್ಮನ ಮಗಳಿಗೆ, ಎದುರುಮನೆಯ ಮರಾಠಿ ಹೆಂಗಸಿಗೆ, ಹೀಗೆ ಮೂವರಿಗೆ ಮಾತ್ರ ಗೊತ್ತಿತ್ತು. ಎದುರುಮನೆಯಾಕೆಯನ್ನು ಇಡೀ ಬಿಲ್ಡಿಂಗು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಕೋಣೆಯಲ್ಲೊಂದು, ಅಡಿಗೆಮನೆಯಲ್ಲೊಂದು, ಬಚ್ಚಲಿನ ದಾರಿಯಲ್ಲೊಂದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬಿಳಿ ಕಣ್ಣುಗಳು ಬಂದವು; ಅವುಗಳ ಮುಂದೆ ಯಾರಾದರೂ ಹಾದುಹೋದರೆ ತಮ್ಮನ ಮಗಳ ಮೊಬೈಲಿಗೆ ಗೊತ್ತಾಗುತ್ತದೆ. ಕೊನೆಯದಾಗಿ, ಮೇಜಿನ ಮೇಲೆ ಒಂದು ಮಾತಾಡುವ ಡಬ್ಬಿ, ನನ್ನ ಕೊರಳಿಗೆ ದಾರ ಕಟ್ಟಿದ ಒಂದು ಬಟನ್ನು. ಬಟನ್ ಒತ್ತಿದರೆ ಡಬ್ಬಿಯಿಂದ ಯಾರೋ ಮಾತಾಡುತ್ತಾರೆ. ಆ ಯಾರೋ ವಿಕ್ರೋಳಿ ಕಡೆಯ ಆಫೀಸೊಂದರಲ್ಲಿ ಕೂತಿರುತ್ತಾರೆ, ಮುಂದಿನ ವ್ಯವಸ್ಥೆ ಅವರು ಮಾಡುತ್ತಾರೆ. ಸ್ನಾನ ಮಾಡುವಾಗಲೂ ಅದನ್ನು ತೆಗೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡು ತಮ್ಮನ ಮಗಳು ಪವಾಯಿಗೆ ಹೋದಳು.

ಮೊದಲ ಜಗಳ ಆ ಬಿಳಿ ಕಣ್ಣುಗಳದ್ದು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಹತ್ತು ಗಂಟೆಗೆ ಫೋನು ಬಂತು.

"ಆತ್ಯಾ, ನೀವು ಇವತ್ತು ಕಿಚನ್‌ಗೆ ಹೋಗೇ ಇಲ್ಲ. ಸಬ್ ಠೀಕ್ ನಾ?"

"ಪುಸ್ತಕ ಓದಕೋತ ಮಲಗೀನಿ. ನನ್ನ ಮನ್ಯಾಗ ನಾ ಯಾವಾಗ ಏಳಬೇಕು, ಎಲ್ಲಿ ಹೋಗಬೇಕು ಅಂತ ನಿನಗ ಹಾಜರಿ ಕೊಡಬೇಕೇನು?"

ಅವಳಿಗೆ ನೋವಾಯಿತು, ಎರಡು ದಿನ ಫೋನು ಮಾಡಲಿಲ್ಲ. ನನಗೂ ಆ ಎರಡು ದಿನ ಊಟ ಸೇರಲಿಲ್ಲ. ಆದರೆ ಬಚ್ಚಲಿಗೆ ಎಷ್ಟು ಸಲ ಹೋದೆ ಎನ್ನುವುದು ಇನ್ನೊಬ್ಬರ ಮೊಬೈಲಿನಲ್ಲಿ ಬರುತ್ತದೆ ಎನ್ನುವ ಮಾತನ್ನು ನನ್ನಿಂದ ನುಂಗಲಾಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಬಚ್ಚಲಿನ ದಾರಿಯ ಕಣ್ಣನ್ನು ತೆಗೆಸಿದೆವು. ಉಳಿದ ಎರಡು ಕಣ್ಣುಗಳು ನಾನು ಓಡಾಡಿದ್ದನ್ನು ಹೇಳಬೇಕಿಲ್ಲ. ಒಂಬತ್ತು ಗಂಟೆಯಾದರೂ ಮನೆಯಲ್ಲಿ ಏನೂ ಅಲ್ಲಾಡದಿದ್ದರೆ ಮಾತ್ರ ಹೇಳಿದರೆ ಸಾಕು. ಹಾಗೆ ಹೊಂದಿಸಲು ಬರುತ್ತದೆಂದು ಅವಳಿಗೂ ಆಗಲೇ ಗೊತ್ತಾದದ್ದು.

ಬಟನ್ನಿನದು ಬೇರೆಯೇ ತಮಾಷೆ. ಪಾತ್ರೆ ತಿಕ್ಕುವಾಗ ಕಟ್ಟೆಗೆ ಒತ್ತಿ, ಮಗ್ಗಲು ಬದಲಿಸುವಾಗ ಒತ್ತಿ, ಮೊದಲ ತಿಂಗಳು ಐದಾರು ಸಲ ಸುಮ್ಮನೆ ಕರೆ ಹೋಯಿತು. ಡಬ್ಬಿಯಿಂದ ಪ್ರತಿಸಲ ಹಿಂದಿಯಲ್ಲಿ ಒಂದು ಹುಡುಗಿಯ ದನಿ ಆಂಟೀ, ಹೇಗಿದ್ದೀರಿ ಎಂದು ಕೇಳುತ್ತಿತ್ತು. ತಪ್ಪಿ ಒತ್ತಿದೆ ಎಂದರೆ, ಒಂದು ನಿಮಿಷ ಎಂದು ಹೇಳಿ ಅದು ಸುಮ್ಮನಾಗುತ್ತಿತ್ತು. ಆ ಒಂದು ನಿಮಿಷ ಎರಡಾಗಿ, ಮೂರಾಗಿ, ನಾನು ಹಿಟ್ಟಿನ ಕೈಯಲ್ಲಿ ಮೇಜಿನ ಮುಂದೆ ನಿಂತಿರುತ್ತಿದ್ದೆ. ಆಕೆ ಹೋದಳೋ ಇದ್ದಾಳೋ ತಿಳಿಯದು.

ನಾನು ಮೂವತ್ತೈದು ವರ್ಷ ಬೇರೆಯವರ ಕಿವಿಯಲ್ಲಿ ಮಾತಾಡಿ ಬದುಕಿದವಳು. ಒಂದು ದಿನ ತಡೆಯದೆ ಆ ಹುಡುಗಿಗೆ ನನ್ನ ಕಥೆ ಹೇಳಿದೆ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಿನಲ್ಲಿ, ಪರ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿದ ಯಾರನ್ನೋ ನಾನು ನಾಲ್ಕು ನಿಮಿಷ ಏನೂ ಹೇಳದೆ ಕಾಯಿಸಿದ್ದೆ. ನಮ್ಮ ಸೂಪರ್‌ವೈಸರ್ ಬಾಯಿಯವರು, ದೊಡ್ಡ ಕುಂಕುಮದ ಗಟ್ಟಿ ಹೆಂಗಸು, ಬೈಯಲಿಲ್ಲ. ನನ್ನ ಕಿವಿಗೆ ಹೆಡ್‌ಸೆಟ್ ಹಾಕಿ, ಯಾರೂ ಇಲ್ಲದ ಲೈನಿಗೆ ಸೇರಿಸಿ, ಗೋಡೆಯ ಕಡೆ ಮುಖ ಮಾಡಿ ಸರಿಯಾಗಿ ನಾಲ್ಕು ನಿಮಿಷ ಕೂರಿಸಿದರು. ಆ ನಾಲ್ಕು ನಿಮಿಷ ಎಷ್ಟು ಉದ್ದವಿತ್ತೆಂದರೆ, ಆಮೇಲೆ ನಿವೃತ್ತಿಯಾಗುವವರೆಗೆ ನಾನು ಯಾರಿಗೂ ಲೈನನ್ನು ಖಾಲಿ ಬಿಡಲಿಲ್ಲ. ಹೇಳಲು ಏನೂ ಇಲ್ಲದಿದ್ದರೆ 'ಇದ್ದೇನೆ, ನೋಡುತ್ತಿದ್ದೇನೆ' ಎಂದಾದರೂ ಹೇಳುತ್ತಿದ್ದೆ. ಇದನ್ನು ಕೇಳಿ ಡಬ್ಬಿಯ ಹುಡುಗಿ, ಆಂಟೀ, ಇದ್ದೇನೆ, ಎಂದು ನಕ್ಕಳು. ನನ್ನ ಅಡ್ಡಹೆಸರು ಮರಾಠಿಯವರಲ್ಲೂ ಇರುವಂಥದ್ದು. ತನ್ನ ಕಂಪ್ಯೂಟರಿನ ತೆರೆಯ ಮೇಲೆ ಅದನ್ನು ನೋಡಿ ಅವಳು ನನ್ನನ್ನು ಮರಾಠಿಯವಳೆಂದೇ ತಿಳಿದಿದ್ದಳು. ನಾನೂ ಅವಳ ಊರು ಯಾವುದೆಂದು ಕೇಳಿರಲಿಲ್ಲ.

ಈಗ ಆ ಮಂಗಳವಾರ.

ಸ್ನಾನ ಮುಗಿಸಿದ್ದೆ. ಲಂಗ ಕಟ್ಟಿಕೊಂಡು, ಮೈಮೇಲೆ ಒಂದು ಪಂಜೆ ಹೊದ್ದು ಹೊರಗೆ ಬರುತ್ತಿದ್ದೆ; ಸೀರೆ, ಕುಪ್ಪಸ ಎಲ್ಲ ಕೋಣೆಯ ಕುರ್ಚಿಯ ಮೇಲಿದ್ದವು. ಬಚ್ಚಲಿನ ಹೊಸ್ತಿಲು ದಾಟುವಾಗ ಎಡಗಾಲು ಜಾರಿತು. ಬಿದ್ದದ್ದು ಬಲಮಗ್ಗುಲಿಗೆ. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು, ಅದು ನನ್ನೊಳಗಿಂದಲೇ ಬಂದದ್ದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಏಳಲು ನೋಡಿದೆ. ಸೊಂಟದಿಂದ ಕೆಳಗೆ ಬೆಂಕಿ ಹತ್ತಿದ ಹಾಗಾಯಿತು.

ಕೊರಳಲ್ಲಿ ಬಟನ್ ಇತ್ತು. ನಾನು ಅದನ್ನು ಕೂಡಲೇ ಒತ್ತಲಿಲ್ಲ. ಇದನ್ನು ತಮ್ಮನ ಮಗಳಿಗೆ ಇವತ್ತಿಗೂ ಹೇಳಿಲ್ಲ. ಒತ್ತಿದರೆ ಜನ ಬರುತ್ತಾರೆ. ಕೆಳಗಿನ ವಾಚ್‌ಮನ್ ಬರುತ್ತಾನೆ, ಪಕ್ಕದ ಮನೆಯ ಗಂಡಸರು ಬರುತ್ತಾರೆ, ಸ್ಟ್ರೆಚರ್ ಹಿಡಿದವರು ಬರುತ್ತಾರೆ. ನಾನು ಈ ಅವಸ್ಥೆಯಲ್ಲಿ ಬಿದ್ದಿದ್ದೇನೆ. ಮೊದಲು ಸೀರೆ, ಆಮೇಲೆ ಬಟನ್, ಎಂದುಕೊಂಡು ಮೊಣಕೈ ಊರಿ ಕುರ್ಚಿಯ ಕಡೆ ಸರಿಯಲು ನೋಡಿದೆ. ಒಂದು ಗೇಣು ಸರಿದಿರಬಹುದು. ಕಣ್ಣು ಕತ್ತಲೆ ಬಂತು. ಆಮೇಲೆ ಒತ್ತಿದೆ.

ಹುಡುಗಿಯ ದನಿ ಬಂತು. ಬಿದ್ದಿದ್ದೇನೆ ಎಂದೆ. ಅವಳು ಗಾಬರಿಯಾಗಲಿಲ್ಲ. ತಲೆಗೆ ಪೆಟ್ಟಾಯಿತೇ, ರಕ್ತ ಬರುತ್ತಿದೆಯೇ, ಕಾಲ್ಬೆರಳು ಅಲ್ಲಾಡುತ್ತವೆಯೇ ಎಂದು ಒಂದೊಂದಾಗಿ ಹಿಂದಿಯಲ್ಲಿ ಕೇಳಿದಳು. ಏಳಲು ನೋಡಬೇಡಿ ಎಂದಳು. ಇನ್ನೊಂದು ಲೈನಿನಲ್ಲಿ ವಹಿನಿಗೆ ಫೋನು ಮಾಡಿದಳು, ತಮ್ಮನ ಮಗಳಿಗೆ ಮಾಡಿದಳು, ಆಂಬುಲೆನ್ಸಿಗೆ ಮಾಡಿದಳು. ಪ್ರತಿಯೊಂದನ್ನೂ ನನಗೆ ಹೇಳಿಯೇ ಮಾಡಿದಳು. ಎದುರುಮನೆಯ ಬಾಗಿಲು ತೆರೆದದ್ದು, ವಹಿನಿಯ ಚಪ್ಪಲಿ, ನಂಬರ್ ಒತ್ತಿದ ಕಿರಿಚು ಸದ್ದು, ಬೀಗ ತೆರೆದದ್ದು, ಎಲ್ಲವೂ ನನಗೆ ಕೇಳಿದವು. ಬಾಗಿಲು ಮಾತ್ರ ತೆರೆಯಲಿಲ್ಲ.

ನೆಲದ ಮೇಲೆ ಮಲಗಿದ್ದಲ್ಲಿಂದ ತಲೆ ಎತ್ತಿ ನೋಡಿದೆ. ಮೇಲೆ ಹಿತ್ತಾಳೆಯ ಚಿಲಕ ಹಾಕಿಯೇ ಇತ್ತು. ಹೊಸ ಬೀಗ ಬಂದ ಮೇಲೆ ಅದನ್ನು ಹಾಕಬಾರದೆಂದು ನೂರು ಸಲ ಹೇಳಿಸಿಕೊಂಡಿದ್ದೆ. ಬೆಳಗ್ಗೆ ಹಾಲು ತೆಗೆದುಕೊಂಡ ಮೇಲೆ ಕೈ ತನ್ನಷ್ಟಕ್ಕೆ ತಾನೇ ಹೋಗಿ ಸರಿಸಿಬಿಟ್ಟಿತ್ತು.

ವಹಿನಿ ಬಾಗಿಲು ಬಡಿದಳು, ಹೆಸರು ಹಿಡಿದು ಕೂಗಿದಳು. ಒಳಗಿನ ಚಿಲಕ ಹಾಕಿದೆ ಎಂದು ನಾನು ಡಬ್ಬಿಗೆ ಹೇಳಿದೆ, ಡಬ್ಬಿಯವಳು ಫೋನಿನಲ್ಲಿ ವಹಿನಿಗೆ ಹೇಳಿದಳು. ಗೋಡೆಯ ಆಚೆ ನಿಂತವಳಿಗೆ ನನ್ನ ಮಾತು ವಿಕ್ರೋಳಿಗೆ ಹೋಗಿ ಬರಬೇಕಾಯಿತು. ವಾಚ್‌ಮನ್ ಸ್ಟೇಶನ್ ಕಡೆಯಿಂದ ಬಡಿಗನನ್ನು ಕರೆತರಲು ಹೋಗಿದ್ದಾನೆ, ಮೂರು ನಾಲ್ಕು ಗಂಡಸರು ಬಾಗಿಲಿಗೆ ಹೆಗಲು ಕೊಡಲು ಬರುತ್ತಿದ್ದಾರೆ ಎಂದು ಹುಡುಗಿ ತಿಳಿಸಿದಳು. ಗಂಡಸರು ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ನೋವಿಗಿಂತ ಹೆಚ್ಚಾಗಿ ಅಳು ಬಂತು. ಹಿಂದಿಯಲ್ಲಿ ಇದನ್ನು ಹೇಗೆ ಹೇಳುವುದು, ಅದೂ ಯಾರೋ ಗುರುತಿಲ್ಲದವಳಿಗೆ. ನನ್ನಷ್ಟಕ್ಕೆ ನಾನು ಗೊಣಗಿಕೊಂಡೆ:

"ಅವ್ವಾ, ಮೈಮ್ಯಾಲ ನೆಟ್ಟಗ ಬಟ್ಟಿ ಇಲ್ಲಲ್ಲವ್ವಾ."

ಡಬ್ಬಿಯಿಂದ ಅದೇ ದನಿ, ಆದರೆ ಬೇರೆ ಯಾರೋ ಮಾತಾಡಿದ ಹಾಗೆ, ಹೇಳಿತು:

"ಅಮ್ಮಾ, ಹೆದರಬ್ಯಾಡ್ರಿ. ನಾ ಹೇಳ್ತೀನ್ರಿ ಅವ್ರಿಗೆ. ಮೊದಲ ಹೆಣ್ಮಕ್ಕಳ ಒಳಗ ಬರ್ತಾರ, ಚಾದರ ತಗೊಂಡು. ಗಂಡಸೂರು ಹೊರಗ ನಿಲ್ತಾರ್ರಿ."

ನಾನು ಏನು ಹೇಳಿದೆನೋ ನೆನಪಿಲ್ಲ. ನೀನು ಯಾರ ಮಗಳವ್ವಾ ಎಂದು ಕೇಳಿರಬೇಕು. ತಾಯಿ ಯಾದಗಿರಿ ಕಡೆಯವಳೆಂದೂ, ತಾನು ಧಾರಾವಿಯಲ್ಲಿ ಹುಟ್ಟಿದವಳೆಂದೂ, ಕನ್ನಡ ಥೋಡಾ ಥೋಡಾ ಬರುತ್ತದೆಂದೂ ಹೇಳಿದಳು. ಆ ಥೋಡಾ ಕನ್ನಡದಲ್ಲೇ ಅವಳು ನನ್ನನ್ನು ಬಾಗಿಲು ತೆರೆಯುವವರೆಗೆ ಹಿಡಿದಿಟ್ಟಳು.

ಬಡಿಗ ಬರಲು ಬಹಳ ಹೊತ್ತಾಯಿತು. ಹೆಗಲಿಗೆ ಆ ಬಾಗಿಲು ಜಗ್ಗಲಿಲ್ಲ. ನಲವತ್ತು ವರ್ಷದ ಹಿಂದಿನ ಸಾಗವಾನಿ. ನಾನು ಚಳಿಗೆ ನಡುಗತೊಡಗಿದ್ದೆ. ಕೈಗೆ ಸಿಗುವಷ್ಟರಲ್ಲಿ ಏನಿದೆ ಎಂದು ಕೇಳಿ, ಬಚ್ಚಲಿನ ಬಾಗಿಲ ಹಿಂದೆ ನೇತುಹಾಕಿದ್ದ ಹಳೆಯ ಸೀರೆಯ ತುಂಡನ್ನು ಎಳೆದುಕೊಳ್ಳುವಂತೆ ಅವಳೇ ಹೇಳಿದಳು. ಬೆರಳಿಗೆ ಸಿಕ್ಕ ಅಂಚು ಹಿಡಿದು ಎಳೆದೆ, ಬಂತು. ಕಣ್ಣು ಮುಚ್ಚಿ ಹೋಗುವ ಹಾಗಾದಾಗಲೆಲ್ಲ ಏನಾದರೊಂದು ಕೇಳುತ್ತಿದ್ದಳು.

"ಅಮ್ಮಾ, ಕಮರ್‌ಗೆ ಕನ್ನಡದಾಗ ಏನಂತಾರ್ರಿ?"

"ಸೊಂಟ."

"ಸೊಂಟ. ಸೊಂಟದ ನೋವು ಹೆಚ್ಚಾಗ್ಯಾದೇನ್ರಿ, ಹಂಗ ಅದ ಏನ್ರಿ?"

"ಹಂಗ ಅದ."

"ಮತ್ತ ಘುಟ್ನಾಕ್ಕ?"

"ಮೊಣಕಾಲು."

ಹಾಗೆ ನಾನು ಹೆಗಲು, ಪಕ್ಕೆಲಬು, ಹಿಮ್ಮಡಿ ಎಲ್ಲ ಹೇಳಿಕೊಟ್ಟೆ. ಅವಳು ಒಂದೊಂದನ್ನೂ ತಿರುಗಿ ಹೇಳಿದಳು. ಮಾತು ಮುಗಿದಲ್ಲಿ, ಇದ್ದೀನ್ರಿ ಅಮ್ಮಾ, ಎನ್ನುತ್ತಿದ್ದಳು. ಒಮ್ಮೆ, ಲೈನ್ ಖಾಲಿ ಬಿಡಬಾರದೆಂದು ನೀವೇ ಹೇಳಿದ್ದಿರಿ, ಎಂದಳು. ಆಗಲೇ ನನಗೆ, ಇವಳು ಅಂದಿನ ಆ ಹುಡುಗಿಯೇ ಎಂದು ತಿಳಿದದ್ದು.

ಬಡಿಗ ಉಳಿ ಹಾಕಿ ಚೌಕಟ್ಟು ಒಡೆದ. ಚಿಲಕ ತನ್ನ ಮೊಳೆಗಳ ಸಮೇತ ಕಿತ್ತು ನೆಲಕ್ಕೆ ಬಿತ್ತು. ಬಾಗಿಲು ತೆರೆಯುತ್ತಿದ್ದ ಹಾಗೆ ಡಬ್ಬಿಯಿಂದ ಹುಡುಗಿ ಜೋರಾಗಿ, ಮರಾಠಿಯಲ್ಲಿ, ವಹಿನಿ ಒಬ್ಬರೇ ಒಳಗೆ ಬನ್ನಿ ಎಂದಳು. ವಹಿನಿ ಒಬ್ಬಳೇ ಬಂದಳು. ಕೈಯಲ್ಲಿ ಮಡಿಚಿದ ಚಾದರವಿತ್ತು. ನನ್ನನ್ನು ಕುತ್ತಿಗೆಯವರೆಗೆ ಹೊದಿಸಿ, ತಲೆಗೂದಲು ಒರೆಸಿ, ಪಕ್ಕದಲ್ಲಿ ಕೂತು ನನಗೆ ಬೈದಳು, ಅತ್ತಳು, ಮತ್ತೆ ಬೈದಳು. ಆಮೇಲೆ ಹೊರಗಿನವರಿಗೆ ಬನ್ನಿ ಎಂದಳು.

ಸೊಂಟದ ಮೂಳೆ ಮುರಿದಿತ್ತು. ಆಪರೇಶನ್ ಆಯಿತು, ಒಳಗೆ ಒಂದು ಸಲಾಕೆ ಸೇರಿತು. ಆಸ್ಪತ್ರೆಯಿಂದ ನನ್ನನ್ನು ನೇರವಾಗಿ ಪವಾಯಿಗೆ ಕರೆದುಕೊಂಡು ಹೋದರು. ಅಲ್ಲಿ ನಾನು ಮೂರು ತಿಂಗಳಿಗೆ ಹತ್ತಿರ ಇದ್ದೆ. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ತಮ್ಮನ ಮಗಳು ಆಫೀಸಿಗೆ ಹೋಗುವ ಮೊದಲು ನನ್ನ ತಲೆ ಬಾಚುತ್ತಿದ್ದಳು. ಅವಳ ಗಂಡ ದಿನಾ ಸಂಜೆ ವಾಕರ್ ಹಿಡಿಸಿ ಕಿಟಕಿಯವರೆಗೆ ನಡೆಸುತ್ತಿದ್ದ. ಅಲ್ಲಿಂದ ಕೆರೆ ಕಾಣುತ್ತದೆ. ಆ ಮನೆಯಲ್ಲಿ ನಡೆದು ಬಂದರೆ ದೀಪ ತಾನೇ ಹತ್ತುತ್ತದೆ, ಪರದೆ ತಾನೇ ಸರಿಯುತ್ತದೆ. ನನಗೆ ಮಾತ್ರ, ಒಂದು ಲೋಟ ನೀರು ಬೇಕಾದರೂ ಯಾರದೋ ಅಡಿಗೆಮನೆಯಲ್ಲಿ ಯಾವ ಕಪಾಟೆಂದು ಕೇಳಬೇಕಾಗುತ್ತಿತ್ತು.

ಚೆಂಬೂರಿನ ಮನೆ ಬಿಟ್ಟು ಇಲ್ಲೇ ಇದ್ದುಬಿಡಿ ಎಂಬ ಮಾತು ಬಂದೇ ಬಂತು. ಮರಳಿ ಹೋಗುತ್ತೇನೆ ಎಂದು ನಾನು ಹೇಳಿದಾಗ ಅವಳು ಮೊದಲ ಸಲ ನನ್ನ ಮೇಲೆ ಸಿಟ್ಟಾದಳು.

"ಆತ್ಯಾ, ಮಶೀನ್ ಎಲ್ಲಾ ಸರಿ ಇತ್ತು. ಬಟನ್ ಚಲಾ, ಲಾಕ್ ಖುಲಾ. ಬಾಗಿಲಾ ಬಂದ್ ಮಾಡಿದ್ದು ನೀವು. ನಾ ಟ್ಯಾಕ್ಸಿದಾಗ ಕೂತು, ಫೋನ್‌ದಾಗ ಆ ಬಾಗಿಲಾ ಬಡಿಯೋದು ಕೇಳ್ತಿದ್ದೆ. ಪೂರಾ ರಾಸ್ತಾ."

ಇದು ನನಗೆ ಗೊತ್ತಿರಲಿಲ್ಲ. ಅವಳ ಫೋನನ್ನೂ ವಿಕ್ರೋಳಿಯ ಆಫೀಸಿನವರು ಅದೇ ಕರೆಗೆ ಸೇರಿಸಿದ್ದರಂತೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅವಳು ನಾನು ಹೇಳಿಕೊಟ್ಟ ಹೆಗಲು, ಪಕ್ಕೆಲಬು, ಹಿಮ್ಮಡಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಟ್ಟೆಯ ಮಾತನ್ನೂ ಕೇಳಿಸಿಕೊಂಡಿದ್ದಳು. ಅವಳು ಅದುವರೆಗೆ ಅದನ್ನು ಎತ್ತಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡು, ಚಿಲಕ ಇನ್ನು ಹಾಕುವುದಿಲ್ಲ ಎಂದೆ. ಮಾತು ಅಲ್ಲಿಗೆ ನಿಂತಿತು. ಅವಳೇ ಮುಂದಿನ ವಾರ ಬಡಿಗನನ್ನು ಕಳಿಸಿ ನನ್ನ ಚೌಕಟ್ಟು ಸರಿ ಮಾಡಿಸಿದಳು, ಬಚ್ಚಲಿಗೆ ಎರಡು ಕಡೆ ಹಿಡಿಕೆ ಹಾಕಿಸಿದಳು, ಹೊಸ್ತಿಲು ಕೀಳಿಸಿ ನೆಲವನ್ನು ಒಂದೇ ಸಮ ಮಾಡಿಸಿದಳು.

ಮನೆಗೆ ಮರಳಿದ ದಿನ ಬಡಿಗ ಕೊನೆಯ ಕೆಲಸ ಮುಗಿಸುತ್ತಿದ್ದ. ಕಾಗದದಲ್ಲಿ ಸುತ್ತಿದ ಹಿತ್ತಾಳೆಯ ಚಿಲಕವನ್ನು ತೆಗೆದು, ಹಾಕಲೇ ಎಂದು ಕೇಳಿದ. ಬೇಡ ಎಂದೆ. ಅಷ್ಟು ಸುಲಭವಾಗಿ ಹೇಳಿದೆ, ಆದರೆ ಮೊದಲ ಕೆಲವು ವಾರ ಏನಾಯಿತೆಂದರೆ, ಮಧ್ಯಾಹ್ನ ಮಲಗುವ ಮುನ್ನ ವಾಕರ್ ಹಿಡಿದುಕೊಂಡು ಹೋಗಿ ಕುರ್ಚಿಯೊಂದನ್ನು ಬಾಗಿಲಿಗೆ ಒತ್ತಿ ಇಡುತ್ತಿದ್ದೆ. ಒಂದು ದಿನ ವಹಿನಿ ಸಾರು ಕೊಡಲೆಂದು ನಂಬರ್ ಒತ್ತಿ ಬಾಗಿಲು ತಳ್ಳಿದಳು. ಕುರ್ಚಿ ಉರುಳಿತು, ಸಾರು ಅವಳ ಸೀರೆಯ ಮೇಲೆ ಚೆಲ್ಲಿತು. ಅವಳು ಕುರ್ಚಿ ಎತ್ತಿ ಗೋಡೆಗೆ ಇಟ್ಟಳು. ನಾಚಿಕೆಯಾಯಿತು. ಬೇರೆಯವರ ಆಸರೆಯಿಲ್ಲದೆ ಇರುವುದೇ ಸ್ವತಂತ್ರವಾಗಿರುವುದು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಈಗ ಈ ಮನೆಯಲ್ಲಿ ನಾನೊಬ್ಬಳೇ ಇರಬೇಕಾದರೆ, ಬೇಕಾದಾಗ ಒಳಗೆ ಬರಬಲ್ಲವರು ಇಬ್ಬರಾದರೂ ಇರಬೇಕು. ಬುದ್ಧಿಗೆ ಇದು ಬೇಗ ತಿಳಿಯಿತು, ಕೈಗೆ ತಿಳಿಯಲು ಇನ್ನೂ ಒಂದು ತಿಂಗಳು ಹಿಡಿಯಿತು. ಎಷ್ಟೋ ದಿನ ಕೈ ಮೇಲೆ ಹೋಗಿ, ಖಾಲಿ ಮರವನ್ನು ಮುಟ್ಟಿ ಕೆಳಗೆ ಇಳಿಯುತ್ತಿತ್ತು.

ಡಬ್ಬಿಯ ಆ ಹುಡುಗಿಯ ಸುದ್ದಿಯನ್ನು ನಾನೇ ಕೇಳಿ ತಿಳಿದುಕೊಂಡೆ. ಬಟನ್ ಸರಿಯಿದೆಯೇ ಎಂದು ನೋಡಲು ಒತ್ತಿದಾಗ ಒಂದು ಸಲ ಅವಳೇ ಸಿಕ್ಕಳು. ಆ ದಿನ ಒಂದೇ ಕರೆಯನ್ನು ಅಷ್ಟು ಹೊತ್ತು ಹಿಡಿದದ್ದಕ್ಕೆ, ಅದೂ ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡಿದ್ದಕ್ಕೆ, ಅವಳ ಮೇಲಿನವರು ವಿವರಣೆ ಕೇಳಿದ್ದರಂತೆ. ನಾನು ಕೂತು ಇಂಗ್ಲಿಷಿನಲ್ಲಿ ಎರಡು ಪುಟ ಕಾಗದ ಬರೆದೆ. ಮೂವತ್ತೈದು ವರ್ಷದ ಅನುಭವದಿಂದ ಹೇಳುತ್ತೇನೆ, ಅಂದು ಅವಳು ಮಾಡಿದ್ದಕ್ಕಿಂತ ಒಳ್ಳೆಯ ಕೆಲಸವನ್ನು ನಾನೂ ಮಾಡುತ್ತಿರಲಿಲ್ಲ, ಎಂದು ಬರೆದೆ. ಅದನ್ನು ಅವರು ಓದಿದರೋ ಇಲ್ಲವೋ ಗೊತ್ತಿಲ್ಲ. ಅವಳ ಕೆಲಸವಂತೂ ಉಳಿಯಿತು.

ಒಂದು ಭಾನುವಾರ ಅವಳು ತಾಯಿಯನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ನಾನು ಊಹಿಸಿದ್ದಕ್ಕಿಂತ ಚಿಕ್ಕ ಹುಡುಗಿ, ಕನ್ನಡಕ, ಎಣ್ಣೆ ಹಚ್ಚಿ ಹೆಣೆದ ಜಡೆ. ತಾಯಿ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು, ನೋಡಿದರೆ ನನ್ನ ಓರಗೆಯವಳಂತೆ ಕಾಣುತ್ತಿದ್ದಳು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಹೊತ್ತು ಮೊಣಕಾಲು ಸವೆದಿದ್ದವು. ನಮ್ಮ ಎರಡು ಮಹಡಿ ಏರಲು ಅವಳು ಮೂರು ಕಡೆ ಕೂತು ದಣಿವಾರಿಸಿಕೊಂಡಿದ್ದಳು. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂತಳು; ನನಗೆ ನೆಲಕ್ಕೆ ಕೂರಲು ಬರುವುದಿಲ್ಲ, ನೀವು ಕೆಳಗೆ ಕೂತರೆ ನನಗೆ ಕುತ್ತಿಗೆ ನೋಯುತ್ತದೆ ಎಂದ ಮೇಲೆ ನಕ್ಕು ಎದ್ದು ಕುರ್ಚಿಯ ಮೇಲೆ ಕೂತಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿದ್ದಳು. ನಾನು ಹೊಟ್ಟೆ ತುಂಬ ಉಂಡೆ. ಕೈಯಲ್ಲಿ ಬಡಿದ ರೊಟ್ಟಿ ತಿಂದು ಎಷ್ಟು ಕಾಲವಾಗಿತ್ತೋ.

ಅವಳಿಗೆ ನನ್ನ ಡಬ್ಬಿ, ಬಟನ್ ಎಲ್ಲ ನೋಡಬೇಕೆಂದಿತ್ತು. ಮಗಳು ದಿನವಿಡೀ ಮಾತಾಡುವುದು ಇದರೊಳಗಿಂದಲೇ ಎಂಬುದು ಅವಳಿಗೆ ಅಂದೇ ಪೂರ್ತಿ ತಿಳಿದದ್ದು. ನಿಮ್ಮ ಧಾರಾವಿಯಲ್ಲಿ ಇಂಥದ್ದೆಲ್ಲ ಬೇಕಾಗಲಿಕ್ಕಿಲ್ಲ, ಒಂದು ಗೋಡೆಗೆ ಎರಡು ಮನೆ, ಕೂಗಿದರೆ ಹತ್ತು ಜನ ಬರುತ್ತಾರಲ್ಲ ಎಂದೆ.

"ಬರ್ತಾರ್ರಿ ಅಕ್ಕಾರ, ಸಂಜಿಗಿ ಬರ್ತಾರ. ಹಗಲಿಗಿ ಯಾರಿರ್ತಾರ್ರಿ? ಎಲ್ಲಾರೂ ಕೆಲಸಕ್ಕ ಹೋಗ್ಯಾರ. ಹೋದ ಮಳಿಗಾಲದಾಗ ಜ್ವರ ಬಂದು ಮ್ಯಾಲಿನ ಖೋಲ್ಯಾಗ ಬಿದ್ದಿದ್ನಿ. ಕೆಳಗ ಮಶೀನಿನ ಸಪ್ಪಳ. ನಾ ಒದರಿದ್ದು ನನಗ ಕೇಳಸ್ಲಿಲ್ಲ."

ಅವರ ಕೋಣೆ ಒಂದು ಕಾರ್ಖಾನೆಯ ಮೇಲಿದೆ. ಹತ್ತಲು ಇಳಿಯಲು ಕಬ್ಬಿಣದ ಕಡಿದಾದ ಏಣಿ. ಮಗಳು ತಲೆ ತಗ್ಗಿಸಿದಳು. ನೂರಾರು ಮನೆಗಳ ಮುದುಕರಿಗೆ 'ಇದ್ದೇನೆ' ಎನ್ನುವ ಹುಡುಗಿ, ಶಿಫ್ಟಿನಲ್ಲಿ ತನ್ನ ಫೋನು ಮುಟ್ಟುವಂತಿಲ್ಲ. ತಾಯಿಯ ಬಳಿ ಒತ್ತುವ ಗುಂಡಿಗಳ ಹಳೆಯ ಮೊಬೈಲಿತ್ತು, ಬಂದ ಕರೆ ಎತ್ತಲಷ್ಟೇ ಬರುತ್ತಿತ್ತು. ಅಕ್ಷರ, ಅಂಕಿ ಎರಡೂ ತಿಳಿಯವು.

ಅದನ್ನು ಈಸಿಕೊಂಡು ನಾನು ಕೂತೆ. ಒಂದೇ ಗುಂಡಿಯನ್ನು ಒತ್ತಿ ಹಿಡಿದರೆ ಒಂದು ನಂಬರಿಗೆ ಹೋಗುವಂತೆ ಮಾಡಲು ಬರುತ್ತದೆ ಎಂದು ನನಗೆ ಗೊತ್ತಿತ್ತು, ಹೇಗೆ ಎಂದು ಗೊತ್ತಿರಲಿಲ್ಲ. ಮಗಳು ಮಾಡಿಕೊಟ್ಟಳು. ವಹಿನಿಯ ಮೊಮ್ಮಗಳಿಂದ ಕೆಂಪು ಉಗುರುಬಣ್ಣ ತರಿಸಿ ಆ ಗುಂಡಿಯ ಮೇಲೆ ದಪ್ಪನೆಯ ಒಂದು ಚುಕ್ಕಿ ಇಟ್ಟೆವು, ಬೆರಳಿಗೆ ತಿಳಿಯುವ ಹಾಗೆ. ಕೆಂಪು ಚುಕ್ಕಿಗೆ ಯಾರ ನಂಬರು ಹಾಕುವುದೆಂದು ಹುಡುಗಿ ಕೇಳಿದಳು. ಅವಳದು ಶಿಫ್ಟಿನಲ್ಲಿ ಎತ್ತುವ ಹಾಗಿಲ್ಲ. ನಾನು ಹಗಲೆಲ್ಲ ಮನೆಯಲ್ಲೇ ಇರುತ್ತೇನೆ, ನನ್ನದು ಹಾಕು, ಎಂದೆ. ಬಾಗಿಲು ತಟ್ಟಬಲ್ಲ ಒಬ್ಬರು ಅಲ್ಲಿಯೂ ಬೇಕಲ್ಲ. ಕೆಳಗಿನ ಕಾರ್ಖಾನೆಯ ಮಾಲೀಕನ ಹೆಂಡತಿಯ ನಂಬರನ್ನು ನನ್ನ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡೆ.

ಇದಾಗಿ ಒಂದು ವರ್ಷದ ಮೇಲಾಯಿತು. ಕ್ಯಾಲೆಂಡರಿನ ನಂಬರಿಗೆ ಎರಡು ಸಲ ಫೋನು ಮಾಡಬೇಕಾಗಿ ಬಂದಿದೆ. ಒಮ್ಮೆ ಆಕೆ ಏಣಿಯ ನಡುವೆ ಮೊಣಕಾಲು ಹಿಡಿದು ಕೂತುಬಿಟ್ಟಿದ್ದಳು, ಇನ್ನೊಮ್ಮೆ ಫೋನು ಬಂದು ಅತ್ತ ಯಾರೂ ಮಾತಾಡದೆ ನನಗೆ ಗಾಬರಿಯಾಗಿತ್ತು. ಆಮೇಲೆ ನೋಡಿದರೆ ಆಕೆ ಅದರ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಉಳಿದಂತೆ ಮಧ್ಯಾಹ್ನದ ಊಟ ಮುಗಿಸಿ ಆಕೆ ಚುಕ್ಕಿ ಒತ್ತುತ್ತಾಳೆ. ಹೇಳುವುದಕ್ಕೆ ಬಹಳವೇನೂ ಇರುವುದಿಲ್ಲ. ನೀರು ಬಂತೇ, ಕಾಲು ಹೇಗಿದೆ, ಏನು ಅಡಿಗೆ. ನಿನ್ನೆ, ಊರಿಂದ ಯಾರೋ ಬಿಳಿಜೋಳ ತಂದಿದ್ದಾರೆ, ಹಿಟ್ಟು ಮಾಡಿಸಿ ಮಗಳ ಕೈಯಲ್ಲಿ ಕಳಿಸುತ್ತೇನೆ ಎಂದಳು. ರೊಟ್ಟಿ ಬಡಿಯಲು ನನಗೆ ಈಗ ಬರುತ್ತದೋ ಇಲ್ಲವೋ ಎಂದೆ. ಕುರ್ಚಿಯ ಮೇಲೆ ಕೂತು ಬಡಿಯಲು ಬರುತ್ತದೆ, ಹಿಟ್ಟಿಗೆ ನೀರು ಕುದಿಯುತ್ತಿರಬೇಕು ಅಷ್ಟೆ, ಎಂದಳು.